ಇಂಪೋರ್ಟ್ ಆದ ರಿಮೂವ್, ನಾವೇ ಬರೆದ ರಿಮೂವ್: ಸ್ಕೀಮ್ ಮಾಡ್ಯೂಲ್‌ನಲ್ಲಿ ಯಾವುದು ಗೆಲ್ಲುತ್ತದೆ?

#1 ಕಾರ್_ಕುಡರ್

ಸ್ಕೀಮ್ ಪ್ರೋಗ್ರಾಮಿಂಗ್ ಭಾಷೆಯ ಒಂದು ಇಂಪ್ಲಿಮೆಂಟೇಶನ್ ಆದ ಗೈಲ್ 3.0ರಲ್ಲಿ ಪಟ್ಟಿಗಳಿಗಾಗಿ ನಾನೇ ಬರೆದ ಒಂದು ಚಿಕ್ಕ ಮಾಡ್ಯೂಲ್ ಇದೆ. ಎಸ್‌ಆರ್‌ಎಫ್‌ಐ-1 ಎಂಬ ಪಟ್ಟಿ ಲೈಬ್ರರಿಯ ರಿಮೂವ್‌ಗೆ, ಯಾವ ಅಂಶಗಳನ್ನು ತೆಗೆಯಬೇಕು ಎಂದು ಹೇಳುವ ಪ್ರೊಸೀಜರನ್ನು ಮೊದಲ ಆರ್ಗ್ಯುಮೆಂಟ್ ಆಗಿ ಕೊಡಬೇಕು. ಅದರ ಬದಲು ವಸ್ತುವನ್ನೇ ಕೊಟ್ಟರೆ ಸಾಕು ಎನ್ನುವಂತೆ ಅದೇ ಹೆಸರಿನಲ್ಲಿ ಒಂದು ಹೊದಿಕೆ ಬರೆದಿದೆ. ಕೋಡ್‌ನ ಹೆಸರುಗಳನ್ನು ಉಚ್ಚಾರದಂತೆ ಕನ್ನಡ ಲಿಪಿಯಲ್ಲೇ ಹಾಕಿದ್ದೇನೆ, ಓಡಿಸುವಾಗ ಮೂಲ ಹೆಸರಿಗೆ ತಿರುಗಿಸಿಕೊಳ್ಳಿ.

(ಡಿಫೈನ್-ಮಾಡ್ಯೂಲ್ (ಪಟ್ಟಿ ಸಾಧನ)
  #:ಯೂಸ್-ಮಾಡ್ಯೂಲ್ (ಎಸ್‌ಆರ್‌ಎಫ್‌ಐ ಎಸ್‌ಆರ್‌ಎಫ್‌ಐ-1)
  #:ಎಕ್ಸ್‌ಪೋರ್ಟ್ (ರಿಮೂವ್))

(ಡಿಫೈನ್ (ರಿಮೂವ್ ವಸ್ತು ಪಟ್ಟಿ)
  (ರಿಮೂವ್ (ಲ್ಯಾಂಬ್ಡಾ (ಅಂಶ) (ಈಕ್ವಲ್? ವಸ್ತು ಅಂಶ))
          ಪಟ್ಟಿ))

ಲೋಡ್ ಆಗುವಾಗ ಎರರ್ ಇಲ್ಲ, ವಾರ್ನಿಂಗ್ ಕೂಡ ಇಲ್ಲ. ಆದರೆ (ರಿಮೂವ್ 3 '(1 2 3 4)) ಎಂದು ಕರೆದರೆ ಉತ್ತರ ಬರುವುದೇ ಇಲ್ಲ. ಸ್ಟ್ಯಾಕ್ ತುಂಬಿತು ಎಂಬ ದೂರೂ ಇಲ್ಲ, ಸಿಪಿಯು ಮಾತ್ರ 100%ರಲ್ಲಿ ಓಡುತ್ತಲೇ ಇರುತ್ತದೆ.

ಇದನ್ನೇ ಶೇ ಸ್ಕೀಮ್‌ಗೆ ಲೈಬ್ರರಿಯಾಗಿ ಬರೆದು (ಆರ್‌ಎನ್‌ಆರ್‌ಎಸ್) ಎಂಬ ಸ್ಟ್ಯಾಂಡರ್ಡ್ ಲೈಬ್ರರಿ ಇಂಪೋರ್ಟ್ ಮಾಡಿದರೆ, ರಿಮೂವ್‌ಗೆ ಒಂದಕ್ಕಿಂತ ಹೆಚ್ಚು ಡೆಫಿನಿಶನ್ ಇವೆ ಎಂದು ಹೇಳಿ ನಿಂತುಬಿಡುತ್ತದೆ. ರ‍್ಯಾಕೆಟ್‌ನಲ್ಲಿ ಎಸ್‌ಆರ್‌ಎಫ್‌ಐ/1 ರಿಕ್ವೈರ್ ಮಾಡಿದ್ದರೆ, ಆ ಹೆಸರು ಆಗಲೇ ರಿಕ್ವೈರ್ ಆಗಿದೆ ಎಂಬ ಎರರ್. ಆ ರಿಕ್ವೈರ್ ಸಾಲು ತೆಗೆದರೆ ಅದೇ ರ‍್ಯಾಕೆಟ್ ಡೆಫಿನಿಶನ್‌ಗೆ ಒಪ್ಪುತ್ತದೆ. ಮೂರೂ ಸ್ಕೀಮ್ ಕುಟುಂಬದವೇ ಆಗಿದ್ದು ಇಷ್ಟು ವ್ಯತ್ಯಾಸ ಏಕೆ? ಎಲ್ಲ ಕಡೆಯೂ ನಡೆಯುವ ಹಾಗೆ ಬರೆಯುವುದು ಹೇಗೆ?

#2 ಶುದ್ಧ_ಕಾರ್ಯ

ಸರ್, ಮೊದಲು ಆ ಕೊನೆಯಿಲ್ಲದ ಓಟದ ವಿಷಯ. ಗೈಲ್‌ನಲ್ಲಿ ಮಾಡ್ಯೂಲ್‌ನ ಒಳಗೆ ಡಿಫೈನ್ ಮಾಡಿದ ಹೆಸರು ಇಂಪೋರ್ಟ್ ಆದ ಹೆಸರನ್ನು ಮರೆಮಾಡುತ್ತದೆ. ಡಿಫೈನ್‌ನ ಒಡಲಿನಲ್ಲಿ ಬರುವ ರಿಮೂವ್ ಕೂಡ ಅದೇ ಹೊಸ ಹೆಸರು. ಎಸ್‌ಆರ್‌ಎಫ್‌ಐ-1ರದನ್ನು ಕರೆಯುತ್ತಿದ್ದೇನೆ ಎಂದುಕೊಂಡಿದ್ದೀರಿ, ಆದರೆ ಅದು ತನ್ನನ್ನೇ ಕರೆದುಕೊಳ್ಳುತ್ತಿದೆ. ಆ ಕರೆ ಟೇಲ್ ಸ್ಥಾನದಲ್ಲಿ, ಅಂದರೆ ಪ್ರೊಸೀಜರ್‌ನ ಕೊನೆಯ ಕೆಲಸವಾಗಿ ಇರುವುದರಿಂದ ಸ್ಟ್ಯಾಕ್ ಬೆಳೆಯುವುದಿಲ್ಲ, ಸ್ಕೀಮ್‌ನಲ್ಲಿ ಟೇಲ್ ಕಾಲ್ ಎಂದರೆ ಜಿಗಿತವಷ್ಟೇ. ಪ್ರತಿ ಸುತ್ತಿನಲ್ಲೂ ಹೊಸ ಕ್ಲೋಷರ್ (ಸುತ್ತಲಿನ ಬೆಲೆಗಳನ್ನು ಹಿಡಿದಿಟ್ಟುಕೊಳ್ಳುವ ಪ್ರೊಸೀಜರ್) ಹುಟ್ಟುತ್ತದೆ, ಅದು ಹಿಂದಿನ ಕ್ಲೋಷರನ್ನು ‘ವಸ್ತು’ ಎಂದು ಹಿಡಿದುಕೊಂಡಿರುತ್ತದೆ. ಆಪ್ಟಿಮೈಜರ್ ಅದನ್ನು ಕಿತ್ತುಹಾಕದಿದ್ದರೆ ಮೆಮೊರಿಯೂ ನಿಧಾನವಾಗಿ ಏರುತ್ತದೆ. ಎರರ್ ಇಲ್ಲದೆ ಸುಮ್ಮನೆ ಓಡುವ ಹೊದಿಕೆ ಕಂಡರೆ ಮೊದಲು ನೋಡಬೇಕಾದ್ದು ಇದನ್ನೇ.

ಮೂರು ಕಡೆ ಮೂರು ಉತ್ತರ ಬರುವುದಕ್ಕೆ ಕಾರಣ ನಿಯಮಗಳೇ ಬೇರೆ ಬೇರೆ ಆಗಿರುವುದು.

2007ರ ಸ್ಕೀಮ್ ಸ್ಟ್ಯಾಂಡರ್ಡ್ ಆದ ಆರ್6ಆರ್‌ಎಸ್ ಕಟ್ಟುನಿಟ್ಟು. ಒಂದು ಲೈಬ್ರರಿಯಲ್ಲಿ ಒಂದೇ ಹೆಸರನ್ನು ಇಂಪೋರ್ಟೂ ಮಾಡಿ ಡಿಫೈನೂ ಮಾಡುವಂತಿಲ್ಲ. ಎರಡು ಲೈಬ್ರರಿಗಳಿಂದ ಒಂದೇ ಹೆಸರು ಬಂದರೆ, ಎರಡೂ ಒಂದೇ ಬೈಂಡಿಂಗ್ (ಹೆಸರು ಸೂಚಿಸುವ ಮೂಲ ಡೆಫಿನಿಶನ್) ಆಗಿದ್ದರೆ ಮಾತ್ರ ಒಪ್ಪಿಗೆ. (ಆರ್‌ಎನ್‌ಆರ್‌ಎಸ್) ಮತ್ತು (ಆರ್‌ಎನ್‌ಆರ್‌ಎಸ್ ಲಿಸ್ಟ್ಸ್) ಎರಡನ್ನೂ ಇಂಪೋರ್ಟ್ ಮಾಡಿದರೆ ತೊಂದರೆಯಾಗದಿರುವುದು ಇದರಿಂದಲೇ, ರಿಮೂವ್ ಎರಡರಲ್ಲೂ ಅದೇ ಬೈಂಡಿಂಗ್. ಶೇ ಈ ನಿಯಮವನ್ನು ಪಾಲಿಸುತ್ತದೆ.

2013ರ ಆರ್7ಆರ್‌ಎಸ್ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ, ಆದರೆ ಇಂಥದ್ದು ‘ತಪ್ಪು’ ಎಂದಷ್ಟೇ ಹೇಳಿ ಬಿಡುತ್ತದೆ. ಆ ಸ್ಟ್ಯಾಂಡರ್ಡ್‌ನ ಭಾಷೆಯಲ್ಲಿ ‘ತಪ್ಪು’ ಎಂದರೆ ಇಂಪ್ಲಿಮೆಂಟೇಶನ್ ಅದನ್ನು ಹಿಡಿಯಲೇಬೇಕು ಎಂದಲ್ಲ. ಹಿಡಿಯಬಹುದು, ಬಿಡಬಹುದು. ಆದ್ದರಿಂದ ಒಂದು ಆರ್7ಆರ್‌ಎಸ್ ಸ್ಕೀಮ್‌ನಲ್ಲಿ ಸದ್ದಿಲ್ಲದೆ ನಡೆದದ್ದು ಇನ್ನೊಂದರಲ್ಲಿ ನಿಲ್ಲಬಹುದು, ಎರಡೂ ಸ್ಟ್ಯಾಂಡರ್ಡ್‌ಗೆ ಬದ್ಧವೇ. ರೆಪ್ಲ್‌ಗೆ (ಸಾಲು ಬರೆದ ಕೂಡಲೇ ಓಡಿಸಿ ಉತ್ತರ ತೋರಿಸುವ ಪರದೆ) ಮಾತ್ರ ವಿನಾಯಿತಿ ಇದೆ, ಅಲ್ಲಿ ಮರುಡೆಫಿನಿಶನ್‌ಗೆ ಅವಕಾಶ ಇರಬೇಕೆಂದೇ ಬರೆದಿದ್ದಾರೆ. ರೆಪ್ಲ್‌ನಲ್ಲಿ ಓಡಿತು, ಫೈಲ್‌ನಲ್ಲಿ ಓಡಲಿಲ್ಲ ಎಂಬ ಗೊಂದಲದ ಅರ್ಧಪಾಲು ಇಲ್ಲಿಂದ ಬರುತ್ತದೆ.

ರ‍್ಯಾಕೆಟ್‌ನದು ಎರಡು ಹಂತದ ನಿಯಮ. ಫೈಲ್‌ನ ಮೊದಲ ಸಾಲಿನ ಭಾಷೆ ಕೊಡುವ ಹೆಸರುಗಳು ಕೆಳಗಿನ ಹಂತ, ಅವನ್ನು ರಿಕ್ವೈರ್ ಆಗಲಿ ಡಿಫೈನ್ ಆಗಲಿ ಮರೆಮಾಡಬಹುದು. ರಿಕ್ವೈರ್‌ನಿಂದ ಬಂದದ್ದು ಮತ್ತು ನಿಮ್ಮ ಡಿಫೈನ್ ಒಂದೇ ಹಂತ, ಅವೆರಡು ಢಿಕ್ಕಿ ಹೊಡೆದರೆ ಎರರ್. ನಿಮಗೆ ಕಂಡದ್ದು ಇದೇ.

ಇನ್ನೊಂದು ಮಾತು: ನಿಮಗೆ ಬೇಕಾದ ಕೆಲಸ ಆಗಲೇ ಆಗಿದೆ. ಎಸ್‌ಆರ್‌ಎಫ್‌ಐ-1ರ ಡಿಲೀಟ್ ವಸ್ತುವನ್ನೇ ತೆಗೆದುಕೊಳ್ಳುತ್ತದೆ, ಹೋಲಿಕೆ ಈಕ್ವಲ್? ಮೂಲಕ, ಬೇಕಿದ್ದರೆ ಮೂರನೇ ಆರ್ಗ್ಯುಮೆಂಟ್ ಆಗಿ ಬೇರೆ ಹೋಲಿಕೆ ಕೊಡಬಹುದು. (ಆರ್‌ಎನ್‌ಆರ್‌ಎಸ್)ನ ರಿಮೂವ್ ಕೂಡ ವಸ್ತುವನ್ನೇ ಕೇಳುತ್ತದೆ, ಪ್ರೊಸೀಜರ್ ಬೇಕಾದ್ದು ರೆಂಪ್‌ಗೆ.

#3 ಬಳ್ಳಿ_ಆವರಣ

ಗೈಲ್ ಭಾಗವನ್ನು ಸ್ವಲ್ಪ ಬಿಡಿಸುತ್ತೇನೆ. ಇಲ್ಲಿ ಎರಡು ಬೇರೆ ಬೇರೆ ಘರ್ಷಣೆಗಳಿವೆ, ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಲೋಕಲ್ ಡಿಫೈನ್ ಮತ್ತು ಇಂಪೋರ್ಟ್ ನಡುವಿನದು ಮೊದಲನೆಯದು. ಲೋಕಲ್ ಯಾವಾಗಲೂ ಗೆಲ್ಲುತ್ತದೆ, ಮಾತಿಲ್ಲದೆ.

ಎರಡನೆಯದು ಇಂಪೋರ್ಟ್ ಮತ್ತು ಇಂಪೋರ್ಟ್ ನಡುವಿನದು. ಇದಕ್ಕೆ ಡೂಪ್ಲಿಕೇಟ್ ಹ್ಯಾಂಡ್ಲರ್‌ಗಳ ಸಾಲು ಇದೆ. ಡೀಫಾಲ್ಟ್ ಸಾಲು ಹೀಗಿದೆ: ರಿಪ್ಲೇಸ್, ವಾರ್ನ್-ಓವರ್‌ರೈಡ್-ಕೋರ್, ವಾರ್ನ್, ಲಾಸ್ಟ್. ಒಂದೊಂದನ್ನೇ ಕೇಳುತ್ತಾ ಹೋಗುತ್ತದೆ, ಯಾವುದಾದರೂ ತೀರ್ಪು ಕೊಟ್ಟರೆ ಅಲ್ಲಿಗೆ ನಿಲ್ಲುತ್ತದೆ. ನಿಮ್ಮ ಮಾಡ್ಯೂಲನ್ನು ಬಳಸುವ ಮುಖ್ಯ ಫೈಲ್ ಎಸ್‌ಆರ್‌ಎಫ್‌ಐ-1 ಅನ್ನೂ ಇಂಪೋರ್ಟ್ ಮಾಡಿದೆ ಎಂದುಕೊಳ್ಳಿ. ಎರಡೂ ರಿಮೂವ್ ಕೊಡುತ್ತವೆ. ಯಾವುದನ್ನೂ ರಿಪ್ಲೇಸ್ ಎಂದು ಗುರುತಿಸಿಲ್ಲ, ರಿಮೂವ್ ಕೋರ್ (ಇಂಪೋರ್ಟ್ ಇಲ್ಲದೆಯೇ ಗೈಲ್ ಕೊಡುವ) ಹೆಸರೂ ಅಲ್ಲ. ವಾರ್ನ್ ಒಂದು ಸಾಲು ಬರೆಯುತ್ತದೆ: ರಿಮೂವ್ ಎರಡು ಕಡೆಯಿಂದ ಇಂಪೋರ್ಟ್ ಆಗಿದೆ ಎಂದು. ಆದರೆ ವಾರ್ನ್ ತೀರ್ಪು ಕೊಡುವುದಿಲ್ಲ, ಕೊಡುವುದು ಲಾಸ್ಟ್. ಕೊನೆಯಲ್ಲಿ ಬರೆದ ಯೂಸ್-ಮಾಡ್ಯೂಲ್ ಗೆಲ್ಲುತ್ತದೆ.

ಅಂದರೆ ಯಾರಾದರೂ ಇಂಪೋರ್ಟ್ ಸಾಲುಗಳನ್ನು ಅಕಾರಾದಿಯಾಗಿ ಜೋಡಿಸಿದರೆ ಪ್ರೋಗ್ರಾಮ್‌ನ ಅರ್ಥವೇ ಬದಲಾಗಬಹುದು. ಇದಕ್ಕಾಗಿಯೇ ಆ ವಾರ್ನಿಂಗನ್ನು ಬಿಟ್ಟು ಮುಂದೆ ಹೋಗಬಾರದು. ಹೊಸ ಪ್ರಾಜೆಕ್ಟ್‌ಗಳಲ್ಲಿ ಡಿಫೈನ್-ಮಾಡ್ಯೂಲ್‌ಗೆ #:ಡೂಪ್ಲಿಕೇಟ್ಸ್ (ಚೆಕ್) ಸೇರಿಸಿ. ಆಗ ಘರ್ಷಣೆ ಎರರ್ ಆಗುತ್ತದೆ.

ಗಮನಿಸಿ, ಈ ತೀರ್ಪು ಆ ಹೆಸರನ್ನು ಹುಡುಕುವ ಹೊತ್ತಿಗೆ ನಡೆಯುತ್ತದೆ. ಎರಡು ಮಾಡ್ಯೂಲ್‌ಗಳಲ್ಲಿ ಹತ್ತು ಹೆಸರು ಒಂದೇ ಇದ್ದು ನೀವು ಒಂದನ್ನಷ್ಟೇ ಬಳಸಿದರೆ ಒಂದೇ ವಾರ್ನಿಂಗ್ ಬರುತ್ತದೆ. ಉಳಿದ ಒಂಬತ್ತು ಆಮೇಲೆ ಯಾರಾದರೂ ಬಳಸಿದಾಗ ಎದ್ದು ಬರುತ್ತವೆ.

ಇಂಪೋರ್ಟ್ ಸಾಲನ್ನು ಬರೆಯುವ ಬಗೆಗಳು:

#:ಯೂಸ್-ಮಾಡ್ಯೂಲ್ ((ಎಸ್‌ಆರ್‌ಎಫ್‌ಐ ಎಸ್‌ಆರ್‌ಎಫ್‌ಐ-1)
                #:ಸೆಲೆಕ್ಟ್ (ಫೋಲ್ಡ್ (ರಿಮೂವ್ . ಎಸ್1:ರಿಮೂವ್)))

ಹೀಗೆ ಬರೆದರೆ ಬರುವುದು ಎರಡೇ ಹೆಸರು, ಎರಡನೆಯದು ಹೊಸ ಹೆಸರಿನಲ್ಲಿ. ಎಲ್ಲವೂ ಬೇಕು, ರಿಮೂವ್ ಮಾತ್ರ ಬೇಡ ಎಂದರೆ #:ಹೈಡ್ (ರಿಮೂವ್). ಎಲ್ಲಕ್ಕೂ ಗುರುತು ಬೇಕಾದರೆ #:ಪ್ರಿಫಿಕ್ಸ್ ಎಸ್1: ಹಾಕಿ. ಒಂದೇ ಒಂದು ಕಡೆ ಮೂಲ ಬೇಕಿದ್ದರೆ ಇಂಪೋರ್ಟೇ ಬೇಡ, ಅಟ್ ರೂಪ ಸಾಕು:

((@ (ಎಸ್‌ಆರ್‌ಎಫ್‌ಐ ಎಸ್‌ಆರ್‌ಎಫ್‌ಐ-1) ರಿಮೂವ್) ಸಮ? ಪಟ್ಟಿ)

ಎರಡು ಅಟ್ ಹಾಕಿದರೆ ಎಕ್ಸ್‌ಪೋರ್ಟ್ ಆಗದ ಒಳಹೆಸರುಗಳೂ ಸಿಗುತ್ತವೆ. ಅದನ್ನು ಪರೀಕ್ಷೆಗೆ ಮಾತ್ರ ಇಟ್ಟುಕೊಳ್ಳಿ. ಗೈಲ್ 3.0ರಲ್ಲಿ ಮಾಡ್ಯೂಲ್‌ಗಳು ಡೀಫಾಲ್ಟಾಗಿ ಡಿಕ್ಲರೇಟಿವ್, ಕಂಪೈಲರ್ ಒಳಹೆಸರನ್ನು ಇನ್‌ಲೈನ್ ಮಾಡಿ ಇಲ್ಲವಾಗಿಸಬಹುದು.

#4 ಕಾರ್_ಕುಡರ್

ತುಂಬಾ ಸ್ಪಷ್ಟವಾಯಿತು, ಇಬ್ಬರಿಗೂ ಧನ್ಯವಾದ. ಎರಡು ಅನುಮಾನ ಉಳಿದಿವೆ.

ಒಂದು: ಹಳೆಯದನ್ನು ಮೊದಲು ಎತ್ತಿಟ್ಟುಕೊಂಡರೆ ಆಗದೇ? (ಡಿಫೈನ್ ಹಳೇ-ರಿಮೂವ್ ರಿಮೂವ್) ಎಂದು ಮೇಲೆ ಬರೆದು, ಕೆಳಗೆ ಹೊಸ ರಿಮೂವ್.

ಎರಡು: ಈ ಮಾಡ್ಯೂಲ್‌ನಿಂದಲೇ ಫೋಲ್ಡ್ ಕೂಡ ಸಿಗಲಿ ಎಂದು #:ಎಕ್ಸ್‌ಪೋರ್ಟ್ (ರಿಮೂವ್ ಫೋಲ್ಡ್) ಎಂದು ಹಾಕಿದರೆ, ‘ಅನ್‌ಬೌಂಡ್ ವೇರಿಯಬಲ್: ಫೋಲ್ಡ್’. ಎಸ್‌ಆರ್‌ಎಫ್‌ಐ-1 ಇಂಪೋರ್ಟ್ ಆಗಿಯೇ ಇದೆ. ಎಕ್ಸ್‌ಪೋರ್ಟ್ ಪಟ್ಟಿಯಿಂದ ತೆಗೆದರೆ ಫೋಲ್ಡ್ ಮತ್ತೆ ಕೆಲಸ ಮಾಡುತ್ತದೆ.

#5 ಬಳ್ಳಿ_ಆವರಣ

ಎರಡಕ್ಕೂ ಬೇರು ಒಂದೇ.

ಗೈಲ್‌ನಲ್ಲಿ #:ಎಕ್ಸ್‌ಪೋರ್ಟ್ ಎಂದರೆ ‘ಈ ಮಾಡ್ಯೂಲ್‌ನದೇ ಆದ ವೇರಿಯಬಲ್’ ಎಂಬ ಘೋಷಣೆ. ಆ ಹೆಸರಿನ ಲೋಕಲ್ ವೇರಿಯಬಲ್ ಇನ್ನೂ ಇಲ್ಲದಿದ್ದರೆ ಗೈಲ್ ಅಲ್ಲೇ ಬೆಲೆಯಿಲ್ಲದ ಒಂದು ಖಾಲಿ ವೇರಿಯಬಲ್ ಮಾಡಿಡುತ್ತದೆ, ಡಿಫೈನ್ ಆಮೇಲೆ ಬಂದು ತುಂಬುತ್ತದೆ ಎಂಬ ನಂಬಿಕೆಯಿಂದ. ಲೋಕಲ್ ಇಂಪೋರ್ಟನ್ನು ಮರೆಮಾಡುತ್ತದೆ ಎಂದೆವಲ್ಲ, ಖಾಲಿ ಲೋಕಲ್ ಕೂಡ ಮರೆಮಾಡುತ್ತದೆ. ನಿಮ್ಮ ಫೋಲ್ಡ್ ಹೋದದ್ದು ಹಾಗೆ. ಇಂಪೋರ್ಟ್ ಆದದ್ದನ್ನು ಮುಂದಕ್ಕೆ ದಾಟಿಸಲು ಬೇಕಾದ್ದು #:ರಿ-ಎಕ್ಸ್‌ಪೋರ್ಟ್ (ಫೋಲ್ಡ್).

ಎತ್ತಿಡುವ ಉಪಾಯವೂ ಇಲ್ಲೇ ಬೀಳುತ್ತದೆ. ರಿಮೂವ್ ಎಕ್ಸ್‌ಪೋರ್ಟ್ ಪಟ್ಟಿಯಲ್ಲಿದ್ದರೆ, ಫೈಲ್‌ನ ಮೊದಲ ಸಾಲು ಓಡುವ ಹೊತ್ತಿಗೇ ಲೋಕಲ್ ಖಾಲಿ ಜಾಗ ಸಿದ್ಧವಾಗಿರುತ್ತದೆ. ಹಳೇ-ರಿಮೂವ್‌ಗೆ ಎಸ್‌ಆರ್‌ಎಫ್‌ಐ-1ರದು ಸಿಗುವುದಿಲ್ಲ. ರ‍್ಯಾಕೆಟ್‌ನಲ್ಲಿ ಭಾಷೆಯ ಹೆಸರನ್ನು ಮರೆಮಾಡಿದ್ದರೂ ಇದೇ ಕಥೆ: ಮರೆಮಾಡುವಿಕೆ ಇಡೀ ಮಾಡ್ಯೂಲ್‌ಗೆ, ಡಿಫೈನ್‌ಗಿಂತ ಮೇಲಿನ ಸಾಲುಗಳಿಗೂ ಅನ್ವಯಿಸುತ್ತದೆ. ಡೆಫಿನಿಶನ್‌ಗೆ ಮೊದಲೇ ಹೆಸರು ಬಳಸಿದಿರಿ ಎಂಬ ಎರರ್ ಬರುತ್ತದೆ. ಸಾಲುಗಳ ಕ್ರಮವನ್ನು ನಂಬಿ ಎರಡು ಅರ್ಥ ಕೊಡುವ ಹೆಸರು ಯಾವ ಸ್ಕೀಮ್‌ನಲ್ಲೂ ಬೇಡ. ಇಂಪೋರ್ಟ್ ಸಾಲಿನಲ್ಲೇ ಹೆಸರು ಬದಲಿಸಿಕೊಳ್ಳಿ.

ನಿಮ್ಮ ಹೆಸರು ನಿಜವಾಗಿಯೂ ಕೋರ್‌ನದನ್ನು ಬದಲಿಸಲೆಂದೇ ಇದ್ದರೆ #:ಎಕ್ಸ್‌ಪೋರ್ಟ್ ಬದಲು #:ರಿಪ್ಲೇಸ್ ಬಳಸಿ. ಅದೂ ಎಕ್ಸ್‌ಪೋರ್ಟ್ ಮಾಡುತ್ತದೆ, ಜೊತೆಗೆ ‘ಇದು ಬೇಕೆಂದೇ ಮಾಡಿದ್ದು’ ಎಂಬ ಗುರುತು ಅಂಟಿಸುತ್ತದೆ. ಬಳಸುವವರಿಗೆ ವಾರ್ನಿಂಗ್ ಬರುವುದಿಲ್ಲ. ಗೈಲ್‌ನ ಎಸ್‌ಆರ್‌ಎಫ್‌ಐ-1 ಮಾಡ್ಯೂಲೇ ಮ್ಯಾಪ್, ಮೆಂಬರ್, ಅಸೋಕ್, ಐಯೋಟಾಗಳನ್ನು ಹೀಗೆ ಗುರುತಿಸಿದೆ. ಕೋರ್‌ನ ಮೆಂಬರ್‌ಗೆ ಎರಡೇ ಆರ್ಗ್ಯುಮೆಂಟ್, ಎಸ್‌ಆರ್‌ಎಫ್‌ಐ-1ರದಕ್ಕೆ ಮೂರನೆಯದಾಗಿ ಹೋಲಿಕೆ ಕೊಡಬಹುದು. ಹಳೆಯ ಕರೆಗಳೆಲ್ಲ ಹೊಸದರಲ್ಲೂ ಹಾಗೇ ನಡೆಯುತ್ತವೆ, ಆದ್ದರಿಂದ ಅಲ್ಲಿ ರಿಪ್ಲೇಸ್ ಸರಿ. ನಿಮ್ಮ ರಿಮೂವ್ ಹಾಗಲ್ಲ, ಅದು ಹಳೆಯ ಕರೆಗಳನ್ನು ಮುರಿಯುತ್ತದೆ.

#6 ಶುದ್ಧ_ಕಾರ್ಯ

ಬಳ್ಳಿಯವರು ಹೇಳಿದ ಕೊನೆಯ ಮಾತೇ ಇಡೀ ವಿಷಯದ ತಿರುಳು ಎಂದು ನನ್ನ ಅಭಿಪ್ರಾಯ. ಎರರ್ ಕೊಡುವ ಘರ್ಷಣೆಯಿಂದ ಯಾರಿಗೂ ನಷ್ಟವಿಲ್ಲ, ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಹೆಸರು ಒಂದೇ, ಕೊಡು-ಕೊಳ್ಳುವ ಕರಾರು ಬೇರೆ, ಆದರೂ ಏನೋ ಒಂದು ಉತ್ತರ ಬರುತ್ತದೆ ಎಂಬಂಥವು ಅಪಾಯ. ಕೆಲವನ್ನು ಹತ್ತಿರದಿಂದ ನೋಡಿ.

ರಿಮೂವ್: (ರಿಮೂವ್ ಈವನ್? '(1 2 3 4)) ಎಂಬುದಕ್ಕೆ ಎಸ್‌ಆರ್‌ಎಫ್‌ಐ-1ರಲ್ಲಿ ಉತ್ತರ (1 3). ಅದೇ ಸಾಲು ಆರ್6ಆರ್‌ಎಸ್‌ನದರಲ್ಲಿ (1 2 3 4). ಪಟ್ಟಿಯಲ್ಲಿ ‘ಈವನ್?’ ಎಂಬ ಪ್ರೊಸೀಜರ್‌ಗೆ ಸಮನಾದ ಅಂಶ ಇಲ್ಲವಲ್ಲ, ಏನನ್ನೂ ತೆಗೆಯದೆ ಪಟ್ಟಿಯನ್ನು ಹಿಂದಿರುಗಿಸುತ್ತದೆ. ಎರರ್ ಇಲ್ಲ. ತಿರುಗುಮುರುಗಾಗಿ (ರಿಮೂವ್ 3 ...) ಎಂದು ಎಸ್‌ಆರ್‌ಎಫ್‌ಐ-1ರದಕ್ಕೆ ಕೊಟ್ಟರೆ, 3 ಪ್ರೊಸೀಜರ್ ಅಲ್ಲ ಎಂದು ಕೂಡಲೇ ಕೂಗುತ್ತದೆ. ರ‍್ಯಾಕೆಟ್‌ನ ಸ್ವಂತ ರಿಮೂವ್ ಮೂರನೇ ಬಗೆ: ವಸ್ತುವನ್ನು ಕೇಳುತ್ತದೆ, ಆದರೆ ಮೊದಲು ಸಿಕ್ಕಿದ ಒಂದನ್ನು ಮಾತ್ರ ತೆಗೆಯುತ್ತದೆ. ಪರೀಕ್ಷೆಯ ಪಟ್ಟಿಯಲ್ಲಿ ಒಂದೇ 3 ಇದ್ದರೆ ವ್ಯತ್ಯಾಸ ಕಾಣುವುದೇ ಇಲ್ಲ. ಪರೀಕ್ಷೆಗೆ '(3 1 3) ಇಡಿ.

ವೆಕ್ಟರ್-ಮ್ಯಾಪ್: ಇದು ಇನ್ನೂ ಕೆಟ್ಟದ್ದು. ಆರ್6ಆರ್‌ಎಸ್, ಆರ್7ಆರ್‌ಎಸ್ ಎರಡರಲ್ಲೂ ಪ್ರೊಸೀಜರ್‌ಗೆ ಅಂಶ ಮಾತ್ರ ಹೋಗುತ್ತದೆ. ಎಸ್‌ಆರ್‌ಎಫ್‌ಐ-43 ಎಂಬ ವೆಕ್ಟರ್ ಲೈಬ್ರರಿಯಲ್ಲಿ ಮೊದಲು ಇಂಡೆಕ್ಸ್, ಆಮೇಲೆ ಅಂಶ. ಒಂದು ಆರ್ಗ್ಯುಮೆಂಟ್‌ನ ಲ್ಯಾಂಬ್ಡಾ ಕೊಟ್ಟಿದ್ದರೆ ಸಂಖ್ಯೆ ಹೊಂದದೆ ಎರರ್ ಬರುತ್ತದೆ, ಬದುಕಿದಿರಿ. ಎಷ್ಟು ಆರ್ಗ್ಯುಮೆಂಟ್ ಬಂದರೂ ನುಂಗುವ ಪ್ರೊಸೀಜರ್ ಕೊಟ್ಟಿದ್ದರೆ?

(ವೆಕ್ಟರ್-ಮ್ಯಾಪ್ + #(10 20 30))

ಸ್ಟ್ಯಾಂಡರ್ಡ್‌ನದರಲ್ಲಿ #(10 20 30). ಎಸ್‌ಆರ್‌ಎಫ್‌ಐ-43ರಲ್ಲಿ #(10 21 32), ಇಂಡೆಕ್ಸ್‌ಗಳು 0, 1, 2 ಕೂಡಿಕೊಂಡಿವೆ. ವೆಕ್ಟರ್-ಫಾರ್-ಈಚ್‌ನದೂ ಇದೇ ಪಾಡು. ಎಸ್‌ಆರ್‌ಎಫ್‌ಐ-133 ಈ ಇಂಡೆಕ್ಸನ್ನು ಕೈಬಿಟ್ಟಿದೆ, ಹೊಸ ಕೋಡ್‌ಗೆ ಅದನ್ನೇ ಹಿಡಿಯಿರಿ.

ಎರರ್: ಹೌದು, ಎರರ್ ಎಂಬ ಪ್ರೊಸೀಜರೇ. ಆರ್7ಆರ್‌ಎಸ್‌ನಲ್ಲಿ ಮೊದಲು ಸಂದೇಶ, ಆಮೇಲೆ ಸಂಬಂಧಿಸಿದ ವಸ್ತುಗಳು. ಆರ್6ಆರ್‌ಎಸ್‌ನಲ್ಲಿ ಮೊದಲು ‘ಯಾರು’, ಆಮೇಲೆ ಸಂದೇಶ, ಆಮೇಲೆ ವಸ್ತುಗಳು. (ಎರರ್ "ಫೈಲ್ ಸಿಗಲಿಲ್ಲ" ಫೈಲ್-ಹೆಸರು) ಎಂದು ಬರೆದದ್ದು ಆರ್6ಆರ್‌ಎಸ್‌ನ ಕೈಗೆ ಸಿಕ್ಕರೆ, ‘ಫೈಲ್ ಸಿಗಲಿಲ್ಲ’ ಎಂಬುದು ಯಾರು ಆಗುತ್ತದೆ, ಫೈಲ್‌ನ ಹೆಸರು ಸಂದೇಶ ಆಗುತ್ತದೆ. ಎರಡೂ ಸ್ಟ್ರಿಂಗ್ ಆದ್ದರಿಂದ ಯಾರೂ ದೂರುವುದಿಲ್ಲ. ಸಂದೇಶವನ್ನು ನೋಡಿ ಕವಲೊಡೆಯುವ ಎರರ್ ಹ್ಯಾಂಡ್ಲರ್ ಇದ್ದರೆ ಅದು ತಪ್ಪು ದಾರಿ ಹಿಡಿಯುತ್ತದೆ.

ಇದರಿಂದ ಒಂದು ಕಿವಿಮಾತು: ರಿನೇಮ್‌ನಿಂದ ಕರಾರನ್ನು ಮುಚ್ಚಬೇಡಿ. ಆರ್6ಆರ್‌ಎಸ್‌ನ ಫೋಲ್ಡ್-ಲೆಫ್ಟ್ ಅನ್ನು ಫೋಲ್ಡ್ ಎಂಬ ಹೆಸರಲ್ಲಿ ಇಂಪೋರ್ಟ್ ಮಾಡಿ ಹಳೆಯ ಕೋಡ್ ಓಡಿಸುವ ಅಭ್ಯಾಸ ಇದೆ. ಫೋಲ್ಡ್ ಕರೆಯುವಾಗ ಅಂಶ ಮೊದಲು, ಸಂಚಯ ಆಮೇಲೆ. ಫೋಲ್ಡ್-ಲೆಫ್ಟ್‌ನಲ್ಲಿ ಉಲ್ಟಾ. + ಕೊಟ್ಟರೆ ಎರಡರ ಉತ್ತರವೂ ಒಂದೇ. ಖಾಲಿ ಪಟ್ಟಿಯಿಂದ ಶುರುಮಾಡಿ, '(1 2 3) ಮೇಲೆ ಕಾನ್ಸ್ (ಜೋಡಿ ಕಟ್ಟುವ ಪ್ರೊಸೀಜರ್) ಕೊಟ್ಟು ನೋಡಿ: ಫೋಲ್ಡ್ (3 2 1) ಕೊಡುತ್ತದೆ, ಫೋಲ್ಡ್-ಲೆಫ್ಟ್ (((() . 1) . 2) . 3).

#7 ಪೊಟ್ಟಣ_ಪಾಲಕಿ

ಗೈಲ್‌ನಲ್ಲಿ ಪ್ರಿಫಿಕ್ಸ್ ಬಳಕೆಗೆ ಒಳ್ಳೆಯ ಮಾದರಿ ಬೇಕಿದ್ದರೆ ಗೀಕ್ಸ್ ಎಂಬ ಪ್ಯಾಕೇಜ್ ಮ್ಯಾನೇಜರ್‌ನ ಪೊಟ್ಟಣ (ಪ್ಯಾಕೇಜ್) ಫೈಲ್‌ಗಳನ್ನು ತೆರೆದು ನೋಡಿ. ಬಹುಪಾಲು ಫೈಲ್‌ಗಳ ತಲೆಯಲ್ಲಿ ಈ ಸಾಲು ಇರುತ್ತದೆ:

#:ಯೂಸ್-ಮಾಡ್ಯೂಲ್ ((ಗೀಕ್ಸ್ ಲೈಸೆನ್ಸಸ್) #:ಪ್ರಿಫಿಕ್ಸ್ ಲೈಸೆನ್ಸ್:)

ಕಾರಣ ಸರಳ. ಝಡ್‌ಲಿಬ್ ಎಂಬುದು ಒಂದು ಪೊಟ್ಟಣದ ಹೆಸರು, ಅದೇ ಒಂದು ಲೈಸೆನ್ಸ್‌ನ ಹೆಸರು ಕೂಡ. ಓಪನ್‌ಎಸ್‌ಎಸ್‌ಎಲ್, ಎಕ್ಸ್‌ಪ್ಯಾಟ್ ಕೂಡ ಹಾಗೆಯೇ. ಪ್ರಿಫಿಕ್ಸ್ ಇಲ್ಲದೆ ಎರಡನ್ನೂ ಎಳೆದುಕೊಂಡರೆ ಕೊನೆಯ ಇಂಪೋರ್ಟ್ ಗೆಲ್ಲುತ್ತದೆ. ಇನ್‌ಪುಟ್ಸ್ ಪಟ್ಟಿಯಲ್ಲಿ ಪೊಟ್ಟಣದ ಜಾಗಕ್ಕೆ ಲೈಸೆನ್ಸ್ ರೆಕಾರ್ಡ್ ಬಂದು ಕೂರುತ್ತದೆ, ಅಥವಾ ಲೈಸೆನ್ಸ್ ಜಾಗಕ್ಕೆ ಪೊಟ್ಟಣ. ಹುಟ್ಟುವ ಎರರ್ ಮೂಲದಿಂದ ದೂರ, ಬಿಲ್ಡ್‌ನ ಇನ್ಯಾವುದೋ ಹಂತದಲ್ಲಿ ಕಾಣುತ್ತದೆ. ಪ್ರಿಫಿಕ್ಸ್ ಹಾಕಿದ ಮೇಲೆ ‘ಲೈಸೆನ್ಸ್:ಝಡ್‌ಲಿಬ್’ ಎಂದು ಓದಿದವರಿಗೆ ಯಾವ ಅನುಮಾನವೂ ಇರುವುದಿಲ್ಲ.

ಯಾವ ಮಾಡ್ಯೂಲ್‌ಗೆ ಪ್ರಿಫಿಕ್ಸ್ ಹಾಕಬೇಕು ಎಂಬುದಕ್ಕೆ ನನ್ನ ಅಳತೆ: ಆ ಮಾಡ್ಯೂಲ್ ಸಾಮಾನ್ಯ ನಾಮಪದಗಳನ್ನು ರಾಶಿರಾಶಿಯಾಗಿ ಎಕ್ಸ್‌ಪೋರ್ಟ್ ಮಾಡುತ್ತದೆಯೇ? ಮಾಡಿದರೆ ಪ್ರಿಫಿಕ್ಸ್. ಐದಾರು ಹೆಸರಷ್ಟೇ ಬೇಕಿದ್ದರೆ #:ಸೆಲೆಕ್ಟ್. ಮ್ಯಾಕ್ರೋಗಳ ಮಾಡ್ಯೂಲ್‌ಗೆ ಪ್ರಿಫಿಕ್ಸ್ ಹಾಕುವ ಮುಂಚೆ ಮಾತ್ರ ನಿಂತು ಯೋಚಿಸಿ. ಕಾರಣವನ್ನು ಮ್ಯಾಕ್ರೋ ಬಲ್ಲವರು ಯಾರಾದರೂ ಬಿಡಿಸಿ ಹೇಳಲಿ.

#8 ಮಲೆನಾಡ_ಮ್ಯಾಕ್ರೋ

ಮೇಡಂ ಹೇಳಿದ ಆ ಕಾರಣ ಹೀಗಿದೆ.

ಮ್ಯಾಕ್ರೋ ಒಳಗೆ ಬಳಸಿದ ಹೆಸರುಗಳಿಗೆ ಭಯವಿಲ್ಲ. ನಿಮ್ಮ ಮಾಡ್ಯೂಲ್‌ನಲ್ಲಿ ಬೇರೆ ರಿಮೂವ್ ಇದ್ದರೂ, ಇಂಪೋರ್ಟ್ ಆದ ಮ್ಯಾಕ್ರೋ ವಿಸ್ತರಿಸಿದಾಗ ಅದರ ಒಳಗಿನ ರಿಮೂವ್ ಅದು ಹುಟ್ಟಿದ ಮಾಡ್ಯೂಲ್‌ನದೇ ಆಗಿರುತ್ತದೆ. ಹೈಜೀನ್ ಎನ್ನುವುದು ಇದಕ್ಕೇ.

ಮ್ಯಾಕ್ರೋ ಗುರುತಿಸುವ ಲಿಟರಲ್ ಪದಗಳ ಕಥೆ ಬೇರೆ. ಕಾಂಡ್‌ನ ಎಲ್ಸ್ ಮತ್ತು =>, ಕೇಸ್‌ನ ಎಲ್ಸ್ ಇಂಥವು. ಇವನ್ನು ಅಕ್ಷರ ನೋಡಿ ಹೊಂದಿಸುವುದಿಲ್ಲ, ಬೈಂಡಿಂಗ್ ನೋಡಿ ಹೊಂದಿಸುತ್ತಾರೆ. ಎಲ್ಸ್ ಕೂಡ (ಆರ್‌ಎನ್‌ಆರ್‌ಎಸ್ ಬೇಸ್) ಮತ್ತು (ಸ್ಕೀಮ್ ಬೇಸ್) ಎಕ್ಸ್‌ಪೋರ್ಟ್ ಮಾಡುವ ಒಂದು ಹೆಸರೇ. (ಇಂಪೋರ್ಟ್ (ಪ್ರಿಫಿಕ್ಸ್ (ಸ್ಕೀಮ್ ಬೇಸ್) ಬಿ:)) ಎಂದು ಬರೆದಿರೋ, ಕೊನೆಯ ಕವಲಿನಲ್ಲಿ ಬಿ:ಎಲ್ಸ್ ಎಂದೇ ಬರೆಯಬೇಕು. ಬರಿಯ ಎಲ್ಸ್ ಎಂದರೆ ಅದು ಯಾವುದೋ ವೇರಿಯಬಲ್.

ಇದೇ ತೊಂದರೆ ಇಂಪೋರ್ಟ್ ಇಲ್ಲದೆಯೂ ಬರುತ್ತದೆ, ಅದೂ ಬಹಳ ಮುಗ್ಧವಾಗಿ:

(ಡಿಫೈನ್ (ಆಯ್ಕೆ ಪರೀಕ್ಷೆ ದೆನ್ ಎಲ್ಸ್)
  (ಕಾಂಡ್ (ಪರೀಕ್ಷೆ ದೆನ್)
         (ಎಲ್ಸ್ ಎಲ್ಸ್)))

ಪ್ಯಾರಾಮೀಟರ್‌ನ ಹೆಸರು ಎಲ್ಸ್. ಒಳಗಿನ ಕಾಂಡ್‌ಗೆ ಅದು ಲಿಟರಲ್ ಎಲ್ಸ್ ಆಗಿ ಕಾಣುವುದಿಲ್ಲ, ಸಾಮಾನ್ಯ ಪರೀಕ್ಷೆಯಾಗಿ ಕಾಣುತ್ತದೆ. (ಆಯ್ಕೆ #f 1 2) ಕೇಳಿದರೆ 2 ಎಂಬುದು ನಿಜವೆಂದೇ ಲೆಕ್ಕ, ಆದ್ದರಿಂದ 2 ಬರುತ್ತದೆ, ಎಲ್ಲ ಸರಿ ಇದ್ದಂತೆ ಕಾಣುತ್ತದೆ. (ಆಯ್ಕೆ #f 1 #f) ಕೇಳಿದಾಗ ಮಾತ್ರ ಯಾವ ಕವಲೂ ಹೊಂದದೆ, #f ಬರಬೇಕಾದಲ್ಲಿ ನಿರ್ದಿಷ್ಟವಲ್ಲದ ಏನೋ ಒಂದು ಬರುತ್ತದೆ. ಸಾವಿರ ಕರೆಗಳಲ್ಲಿ ಒಂದರಲ್ಲಿ ಕೈಕೊಡುವ ದೋಷ ಇದು.

ಪಟ್ಟಿಯ ಪ್ಯಾರಾಮೀಟರ್‌ಗೆ ಲಿಸ್ಟ್ ಎಂದೇ ಹೆಸರಿಟ್ಟು ಒಡಲಿನಲ್ಲಿ (ಲಿಸ್ಟ್ 1 2) ಎಂದು ಕರೆಯುವುದೂ ಇದೇ ಜಾತಿ. ಪಟ್ಟಿಯನ್ನು ಪ್ರೊಸೀಜರ್‌ನಂತೆ ಕರೆಯಲು ಹೋಗಿ ಎರರ್. ಸ್ಕೀಮ್ ಬರೆಯುವವರು ಎಲ್‌ಎಸ್‌ಟಿ ಎಂದು ಸ್ವರ ಬಿಟ್ಟು ಹೆಸರಿಡುವುದು ಈ ಕಾರಣಕ್ಕೆ. ಕನ್ನಡದಲ್ಲಿ ‘ಪಟ್ಟಿ’ ಎಂದಿಟ್ಟರೆ ಈ ತಾಪತ್ರಯವೇ ಇಲ್ಲ.

#9 ಕಾರ್_ಕುಡರ್

ಕನ್ನಡ ಹೆಸರುಗಳ ಮಾತು ಬಂದದ್ದರಿಂದ ಕೇಳುತ್ತೇನೆ. ಪ್ರೊಸೀಜರ್‌ಗಳಿಗೆ ಕನ್ನಡದಲ್ಲೇ ಹೆಸರಿಟ್ಟರೆ ಸ್ಟ್ಯಾಂಡರ್ಡ್ ಲೈಬ್ರರಿಗಳೊಂದಿಗೆ ಘರ್ಷಣೆಯೇ ಇರುವುದಿಲ್ಲ ಅಲ್ಲವೇ? ಸ್ಟ್ಯಾಂಡರ್ಡ್ ಒಪ್ಪುತ್ತದೆಯೇ?

#10 ಶುದ್ಧ_ಕಾರ್ಯ

ಒಪ್ಪುತ್ತದೆ. ಆರ್6ಆರ್‌ಎಸ್, ಆರ್7ಆರ್‌ಎಸ್ ಎರಡರಲ್ಲೂ ಯೂನಿಕೋಡ್ ವರ್ಗಗಳ ಆಧಾರದ ಮೇಲೆ ಐಡೆಂಟಿಫೈಯರ್ ನಿಯಮ ಇದೆ. ವ್ಯಂಜನ, ಸ್ವರ, ಕಾಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲಕ್ಕೂ ಜಾಗವಿದೆ. ಆದರೆ ಘರ್ಷಣೆಯ ತದ್ವಿರುದ್ಧ ತೊಂದರೆ ಎರಡಿವೆ: ಕಣ್ಣಿಗೆ ಒಂದೇ ಹೆಸರು, ಯಂತ್ರಕ್ಕೆ ಎರಡು.

‘ಕೊಡು’ ಎಂಬುದನ್ನು ತೆಗೆದುಕೊಳ್ಳಿ. ಒತ್ವವನ್ನು ಒಂದೇ ಕೋಡ್‌ಪಾಯಿಂಟ್ ಆಗಿ ಬರೆಯಬಹುದು. ಎತ್ವ ಮತ್ತು ಊತ್ವ ಎಂದು ಎರಡು ಕೋಡ್‌ಪಾಯಿಂಟ್ ಆಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಮೊದಲನೆಯದರಲ್ಲಿ ನಾಲ್ಕು ಕ್ಯಾರೆಕ್ಟರ್, ಎರಡನೆಯದರಲ್ಲಿ ಐದು. ಹೆಸರುಗಳನ್ನು ನಾರ್ಮಲೈಜ್ ಮಾಡದ ಸ್ಕೀಮ್‌ಗೆ ಇವು ಎರಡು ಬೇರೆ ಸಿಂಬಲ್‌ಗಳು. ಎಕ್ಸ್‌ಪೋರ್ಟ್ ಪಟ್ಟಿಯಲ್ಲಿ ಒಂದು ಬಗೆ, ಕರೆಯುವಲ್ಲಿ ಇನ್ನೊಂದು ಬಗೆ ಇದ್ದರೆ ‘ಅನ್‌ಬೌಂಡ್ ವೇರಿಯಬಲ್: ಕೊಡು’ ಎಂದು ಬರುತ್ತದೆ, ಕಣ್ಣೆದುರಿಗೇ ಡೆಫಿನಿಶನ್ ಇದ್ದರೂ. ಹೆಸರನ್ನು ಸಿಂಬಲ್‌ನಿಂದ ಸ್ಟ್ರಿಂಗ್‌ಗೆ, ಅಲ್ಲಿಂದ ಪಟ್ಟಿಗೆ ತಿರುಗಿಸಿ ಉದ್ದ ಎಣಿಸಿದರೆ ಗುಟ್ಟು ಬಯಲಾಗುತ್ತದೆ. ಫೈಲ್‌ಗಳನ್ನು ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಜೋಡಿಸಿದ ಏಕರೂಪಕ್ಕೆ ತಂದು ಉಳಿಸಿದರೆ ಸಮಸ್ಯೆ ತೀರುತ್ತದೆ.

ಎರಡನೆಯದು ಜೋಡಿಸುವ, ಬಿಡಿಸುವ ಕಾಣದ ಕ್ಯಾರೆಕ್ಟರ್‌ಗಳು. ‘ರ‍್ಯಾಂಕ್’ ಎಂಬಲ್ಲಿ ರ ಪೂರ್ಣವಾಗಿ ನಿಂತು ಯಕಾರ ಒತ್ತಾಗಬೇಕಾದರೆ ಅಂಥದ್ದೊಂದು ನಡುವೆ ಇರುತ್ತದೆ. ಆರ್7ಆರ್‌ಎಸ್ ಈ ಎರಡನ್ನು ಹೆಸರು ಹಿಡಿದು ಅನುಮತಿಸಿದೆ. ಆರ್6ಆರ್‌ಎಸ್‌ನ ವರ್ಗಪಟ್ಟಿಯಲ್ಲಿ ಅವಕ್ಕೆ ಜಾಗವಿಲ್ಲ. ಎರಡೂ ಕಡೆ ಓಡಬೇಕಾದ ಲೈಬ್ರರಿಯಲ್ಲಿ ಅಂಥ ಪದಗಳನ್ನು ಎಕ್ಸ್‌ಪೋರ್ಟ್ ಹೆಸರಾಗಿ ಇಡಬೇಡಿ.

ಅಂದಹಾಗೆ, ಈ ಚರ್ಚೆಯಲ್ಲಿ ಬರೆದ ‘ಡಿಫೈನ್’, ‘ಲ್ಯಾಂಬ್ಡಾ’ಗಳನ್ನು ನಿಜವಾಗಿಯೂ ಓಡಿಸಬಹುದು. ಸ್ಕೀಮ್‌ನಲ್ಲಿ ಡಿಫೈನ್ ಕೂಡ ಇಂಪೋರ್ಟ್ ಆಗುವ ಬೈಂಡಿಂಗ್ ಆದ್ದರಿಂದ (ಸ್ಕೀಮ್ ಬೇಸ್) ಅನ್ನು ರಿನೇಮ್ ಮೂಲಕ ತಂದು ಕನ್ನಡ ಹೆಸರು ಕೊಡಬಹುದು. ಇಂಪೋರ್ಟ್, ಡಿಫೈನ್-ಲೈಬ್ರರಿ ಎಂಬ ಹೊರಗಿನ ಪದಗಳು ಮಾತ್ರ ಹಾಗೇ ಉಳಿಯುತ್ತವೆ.

#11 ಬಳ್ಳಿ_ಆವರಣ

ಯಾವ ರಿಮೂವ್ ಕೈಗೆ ಸಿಕ್ಕಿದೆ ಎಂದು ಪತ್ತೆ ಹಚ್ಚುವ ಬಗೆಯನ್ನೂ ಸೇರಿಸಿಬಿಡುತ್ತೇನೆ. ಗೈಲ್ ರೆಪ್ಲ್‌ನಲ್ಲಿ ,m (ಪಟ್ಟಿ ಸಾಧನ) ಎಂದು ಆ ಮಾಡ್ಯೂಲ್ ಒಳಗೆ ಹೋಗಿ, ಬರಿಯ ಹೆಸರನ್ನು ಬರೆದು ಎಂಟರ್ ಒತ್ತಿ. ಪ್ರೊಸೀಜರ್‌ನ ಆರ್ಗ್ಯುಮೆಂಟ್ ಹೆಸರುಗಳು ಕಾಣುತ್ತವೆ, (ವಸ್ತು ಪಟ್ಟಿ) ಎಂದಿದ್ದರೆ ನಿಮ್ಮದು. ಖಚಿತವಾಗಬೇಕಿದ್ದರೆ:

(ಈಕ್ಯು? ರಿಮೂವ್ (@ (ಎಸ್‌ಆರ್‌ಎಫ್‌ಐ ಎಸ್‌ಆರ್‌ಎಫ್‌ಐ-1) ರಿಮೂವ್))

ರ‍್ಯಾಕೆಟ್ ಬಳಸುವವರು ಡಾಕ್ಟರ್‌ರ‍್ಯಾಕೆಟ್‌ನಲ್ಲಿ ಹೆಸರಿನ ಮೇಲೆ ಮೌಸ್ ಇಟ್ಟರೆ ಸಾಕು, ಅದು ಎಲ್ಲಿಂದ ಬಂದಿದೆ ಎಂದು ಬಾಣ ತೋರಿಸುತ್ತದೆ.

ಇಂಪೋರ್ಟ್ ಸಾಲು ಸರಿಪಡಿಸಿದ ಮೇಲೂ ಹಳೆಯ ವರ್ತನೆಯೇ ಕಂಡರೆ, ಗೈಲ್‌ನ ಕಂಪೈಲ್ ಕ್ಯಾಶ್ ಮೇಲೆ ಕಣ್ಣಿಡಿ. ತಾನೇ ಕಂಪೈಲ್ ಮಾಡಿಕೊಳ್ಳುವಾಗ ಗೈಲ್ ಆಯಾ ಫೈಲ್‌ನ ಸಮಯವನ್ನಷ್ಟೇ ನೋಡುತ್ತದೆ, ಅದು ಅವಲಂಬಿಸಿರುವ ಫೈಲ್‌ಗಳದ್ದನ್ನು ನೋಡುವುದಿಲ್ಲ. ಒಂದು ಮಾಡ್ಯೂಲ್‌ನ ಮ್ಯಾಕ್ರೋ ಬದಲಾಯಿಸಿದರೆ, ಅದನ್ನು ಬಳಸುವ ಫೈಲ್‌ಗಳಲ್ಲಿ ಹಳೆಯ ವಿಸ್ತರಣೆಯೇ ಕುಳಿತಿರುತ್ತದೆ. ಅವನ್ನೂ ಮತ್ತೆ ಕಂಪೈಲ್ ಮಾಡಿಸಿ.

#12 ಕಾರ್_ಕುಡರ್

ಬದಲಾಯಿಸಿದ ರೂಪ ಇದು. ಒಳಗೆ ಸ್ವಂತ ಹೆಸರು, ರಿಮೂವ್ ಎಂಬ ಹೆಸರನ್ನು ಯಾರಿಗೂ ಕೊಡುತ್ತಿಲ್ಲ. ಆರ್7ಆರ್‌ಎಸ್‌ನಲ್ಲಿ:

(ಡಿಫೈನ್-ಲೈಬ್ರರಿ (ಪಟ್ಟಿ ಸಾಧನ)
  (ಎಕ್ಸ್‌ಪೋರ್ಟ್ ವಸ್ತು-ತೆಗೆ ಫೋಲ್ಡ್)
  (ಇಂಪೋರ್ಟ್ (ಸ್ಕೀಮ್ ಬೇಸ್)
         (ರಿನೇಮ್ (ಓನ್ಲಿ (ಎಸ್‌ಆರ್‌ಎಫ್‌ಐ 1) ರಿಮೂವ್ ಫೋಲ್ಡ್)
                (ರಿಮೂವ್ ಎಸ್1:ರಿಮೂವ್)))
  (ಬಿಗಿನ್
    (ಡಿಫೈನ್ (ವಸ್ತು-ತೆಗೆ ವಸ್ತು ಪಟ್ಟಿ)
      (ಎಸ್1:ರಿಮೂವ್ (ಲ್ಯಾಂಬ್ಡಾ (ಅಂಶ) (ಈಕ್ವಲ್? ವಸ್ತು ಅಂಶ))
                 ಪಟ್ಟಿ))))

ಡಿಲೀಟ್ ಸಾಕು ಎಂಬುದು ಸರಿ. ಆದರೆ ಮುಂದೆ ಹೋಲಿಕೆಯ ನಿಯಮ ಬದಲಾಗುವುದಿದೆ, ಅದಕ್ಕೆ ಹೊದಿಕೆ ಉಳಿಸಿಕೊಂಡಿದ್ದೇನೆ. '(3 1 3) ಕೊಟ್ಟರೆ (1) ಬರುತ್ತಿದೆ. ಇಲ್ಲಿ ಫೋಲ್ಡ್‌ಗೆ ರಿ-ಎಕ್ಸ್‌ಪೋರ್ಟ್ ಬೇರೆ ಬೇಕಿಲ್ಲವಲ್ಲ?

#13 ಶುದ್ಧ_ಕಾರ್ಯ

ಬೇಕಿಲ್ಲ ಸರ್. ಆರ್6ಆರ್‌ಎಸ್, ಆರ್7ಆರ್‌ಎಸ್ ಎರಡರಲ್ಲೂ ಇಂಪೋರ್ಟ್ ಆದ ಹೆಸರನ್ನು ನೇರವಾಗಿ ಎಕ್ಸ್‌ಪೋರ್ಟ್ ಮಾಡಬಹುದು, ಅದೇ ಬೈಂಡಿಂಗ್ ದಾಟಿಹೋಗುತ್ತದೆ. ಆದ್ದರಿಂದ ಬಳಸುವವರು ನಿಮ್ಮದನ್ನೂ (ಎಸ್‌ಆರ್‌ಎಫ್‌ಐ 1) ಅನ್ನೂ ಒಟ್ಟಿಗೆ ಇಂಪೋರ್ಟ್ ಮಾಡಿದರೂ ಫೋಲ್ಡ್‌ಗಾಗಿ ಘರ್ಷಣೆ ಆಗದು.

ರೂಪಗಳು ಒಂದರೊಳಗೊಂದು ಕೂರುವ ಕ್ರಮ ಮಾತ್ರ ನೆನಪಿರಲಿ. ಹೊರಗಿನದು ಒಳಗಿನದರ ಫಲಿತಾಂಶವನ್ನು ನೋಡುತ್ತದೆ. ನೀವು ಬರೆದಂತೆ ಓನ್ಲಿ ಒಳಗೆ ಇದ್ದಾಗ ಹಳೆಯ ಹೆಸರು ಸರಿ. ಅದೇ (ಎಕ್ಸೆಪ್ಟ್ (ಪ್ರಿಫಿಕ್ಸ್ (ಎಸ್‌ಆರ್‌ಎಫ್‌ಐ 1) ಎಸ್1:) ರಿಮೂವ್) ಎಂದರೆ ತಪ್ಪು, ಆ ಹೊತ್ತಿಗೆ ಅಲ್ಲಿರುವುದು ಎಸ್1:ರಿಮೂವ್. ಇದನ್ನೇ ಆರ್6ಆರ್‌ಎಸ್ ಲೈಬ್ರರಿಯಾಗಿ ಬರೆದು ಶೇಯಲ್ಲಿ ಓಡಿಸುವಾಗ (ಆರ್‌ಎನ್‌ಆರ್‌ಎಸ್) ಇಂಪೋರ್ಟ್ ಮಾಡಿದರೂ ಈಗ ನಿಮ್ಮ ಹೆಸರುಗಳಿಗೆ ತೊಡಕಿಲ್ಲ: ರಿಮೂವ್ ಅಲ್ಲಿನದೇ ಉಳಿಯುತ್ತದೆ, ಫೋಲ್ಡ್ ಎಂಬುದು (ಆರ್‌ಎನ್‌ಆರ್‌ಎಸ್)ನಲ್ಲಿ ಇಲ್ಲವೇ ಇಲ್ಲ. ಎಸ್‌ಆರ್‌ಎಫ್‌ಐ-1 ಮಾತ್ರ ಶೇಗೆ ಹೊರಗಿನಿಂದ ಸೇರಿಸಬೇಕು, ಅಲ್ಲಿ ಅದರ ಹೆಸರು (ಎಸ್‌ಆರ್‌ಎಫ್‌ಐ :1) ಎಂದಿರುತ್ತದೆ.